ಕೇಳದವಳಿಗೆ ಕೊಟ್ಟ ರೂಪಾಯಿ

ನಾನು ಒಮ್ಮೆ ಪರದೇಶಕ್ಕೆ ಹೋಗಿಬಂದವಳು ಎಂದು ನನ್ನ ತಾಯಿ ಕೊನೆಯವರೆಗೂ ನಂಬಿದ್ದಳು. ನಂಜನಗೂಡಿನಲ್ಲಿ ಯಾರಾದರೂ ಸಿಂಗಪುರದಲ್ಲಿರುವ ಮಗನ ಸುದ್ದಿ ಎತ್ತಿದರೆ ಸಾಕು, "ನಮ್ಮ ಹುಡುಗಿಯೂ ನಿಜಾಮರ ದೇಶಕ್ಕೆ ಹೋಗಿದ್ದಳಲ್ಲ" ಎಂದು ತಕ್ಕಡಿ ಸಮ ಮಾಡಿಬಿಡುತ್ತಿದ್ದಳು. ನಾನು ತಿದ್ದಲು ಹೋಗಲಿಲ್ಲ. ಅಲ್ಲಿನ ನಾಣ್ಯ ಬೇರೆ, ಅಂಚೆಚೀಟಿ ಬೇರೆ, ಕಚೇರಿಯ ಭಾಷೆ ಬೇರೆ, ತಿಂಗಳ ಹೆಸರುಗಳೂ ಬೇರೆ. ಪರದೇಶ ಅನ್ನಿಸಿಕೊಳ್ಳಲು ಇನ್ನೇನು ಬೇಕು? ನಡುವೆ ಸಮುದ್ರವೊಂದು ಇರಲಿಲ್ಲ, ಅಷ್ಟೆ.

ಪೊಲೀಸ್ ಕಾರ್ಯಾಚರಣೆ ಮುಗಿದು ಹೈದರಾಬಾದು ಸಂಸ್ಥಾನ ಭಾರತಕ್ಕೆ ಸೇರಿದ ಆ ಚಳಿಗಾಲದಲ್ಲಿ ಬೀದರದ ಕಡೆ ಸಿಡುಬು ಕಾಣಿಸಿಕೊಂಡಿತು. ದಾಕು ಹಾಕುವವರು, ಅಂದರೆ ಸಿಡುಬಿನ ಲಸಿಕೆ ಚುಚ್ಚುವವರು ಬೇಕು, ಅದರಲ್ಲೂ ಹೆಂಗಸರೇ ಬೇಕು ಎಂದು ಕರೆ ಬಂತು. ಗೋಷಾದ, ಪರದೆಯ ಒಳಗಿನ ಹೆಣ್ಣುಮಕ್ಕಳು ಗಂಡಸಿನ ಮುಂದೆ ತೋಳು ಚಾಚುವುದಿಲ್ಲ. ನನಗೆ ಮದುವೆಯಾಗಿರಲಿಲ್ಲ, ಕೈಯಲ್ಲಿ ದಾಕು ಹಾಕುವ ಕೆಲಸವಿತ್ತು, ಹೊಸ ಊರು ನೋಡುವ ಚಪಲವಿತ್ತು. ನಾಲ್ಕು ತಿಂಗಳ ಮಟ್ಟಿಗೆ ಎರವಲು ಹೋದೆ. ಅಲ್ಲಿ ನೋಡಿದ ಕೋಟೆ ಕೊತ್ತಲಗಳ ಬಗ್ಗೆ ಬರೆಯಲು ಬಲ್ಲವರು ಬೇರೆ ಇದ್ದಾರೆ. ನನಗೆ ಆ ದೇಶದಲ್ಲಿ ಬಿಡಿಸಲಾಗದೆ ಉಳಿದ ಒಗಟು ಒಂದೇ: ಭಿಕ್ಷುಕರಿಗೆ ದುಡ್ಡು ಕೊಡಬೇಕೋ, ಬೇಡವೋ.

ಬೀದರ

ಊರಿನಲ್ಲಿ ನನಗೆ ಈ ತಾಪತ್ರಯ ಇರಲಿಲ್ಲ. ನಂಜನಗೂಡಿನ ದೇವಸ್ಥಾನದ ಬೀದಿಯಲ್ಲಿ ಭಿಕ್ಷುಕರು ಸಾಲಾಗಿ ಕೂರುತ್ತಾರೆ. ಸೋಮವಾರ ಅಮ್ಮ ಚಿಲ್ಲರೆ ಕಟ್ಟಿಕೊಂಡು ಹೋಗಿ ಒಂದು ತುದಿಯಿಂದ ಇನ್ನೊಂದು ತುದಿಗೆ ಹಾಕುತ್ತಾ ಬರುತ್ತಾಳೆ. ಚಿಲ್ಲರೆ ಮುಗಿದಲ್ಲಿಗೆ ಪುಣ್ಯವೂ ಮುಗಿಯಿತು. ಯಾರ ಮುಖವನ್ನೂ ನೋಡಿದ ನೆನಪಿಲ್ಲ.

ಬೀದರದ ಸ್ಟೇಷನ್ನಿನಲ್ಲಿ ಇಳಿದಾಗ ನನ್ನನ್ನು ಕರೆದೊಯ್ಯಲು ಶರಣಪ್ಪ ಬಂದಿದ್ದ. ಹಲಬರ್ಗಾದವನು, ಆಸ್ಪತ್ರೆಯ ಜವಾನ, ಐವತ್ತರ ಹತ್ತಿರದ ವಯಸ್ಸು. ಮದ್ದಿನ ಪೆಟ್ಟಿಗೆಯನ್ನು ಅವನು ಎತ್ತಿಕೊಳ್ಳುವಷ್ಟರಲ್ಲಿ ಒಬ್ಬ ಮುದುಕ ಕೈಚಾಚಿದ. ಹೊಸ ದೇಶ, ಶಕುನ ಚೆನ್ನಾಗಿರಲಿ ಎಂದು ಒಂದು ಕಾಸು ಹಾಕಿದೆ. ಅವನು ಅದನ್ನು ಕಣ್ಣ ಬಳಿ ತಂದು, ತಿರುಗಿಸಿ ನೋಡಿ, ಮರ್ಯಾದೆಯಿಂದ ನನಗೇ ವಾಪಸು ಕೊಟ್ಟ. ಮೇಲೆ ಚಾರ್‌ಮಿನಾರ್ ಚಿತ್ರವಿಲ್ಲದ ಚಿಲ್ಲರೆ ಅವನ ಬೀದಿಯಲ್ಲಿ ನಡೆಯುವುದಿಲ್ಲವಂತೆ. ಭಿಕ್ಷುಕನಿಂದ ಕಾಸು ಇಸಕೊಂಡು ನಾನು ಹೈದರಾಬಾದು ಸಂಸ್ಥಾನವನ್ನು ಪ್ರವೇಶಿಸಿದೆ.

"ಇಲ್ಲಿ ಹಾಲಿ ನಡೀತದರಿ ಬಾಯಿಯವ್ರ," ಎಂದ ಶರಣಪ್ಪ ಟಾಂಗಾದಲ್ಲಿ. "ಹಾಲಿ ಅಂದ್ರ ನಿಜಾಮನ ರೊಕ್ಕ. ನಿಮ್ದು ಕಲ್ದಾರ, ಇಂಗ್ಲೀಷರ ರೊಕ್ಕ. ಕಲ್ದಾರ ಹೊಸಾ ಸಾಹೇಬ್ರ ಕೈಯಾಗ ಇರ್ತದ, ನಮ್ಮಂಥವರ ಕೈಯಾಗ ಎಲ್ಲಿದರಿ."

ಮಾರನೆಯ ದಿನ ಹಾಲಿ ಚಿಲ್ಲರೆ ಮಾಡಿಸಿಕೊಂಡು ಊರ ನಡುವಿನ ಚೌಬಾರ ಗೋಪುರದ ಹತ್ತಿರ ಒಬ್ಬಳಿಗೆ ಕೊಟ್ಟೆ. ಹನ್ನೊಂದು ಜನ ಸುತ್ತುವರಿದರು. ಒಬ್ಬ ನನ್ನ ಚೀಲ ಹಿಡಿದ, ಸ್ಪಿರಿಟ್ಟಿನ ಸೀಸೆ ಬಿದ್ದು ಒಡೆಯಿತು, ಬೀದಿಯೆಲ್ಲ ಆಸ್ಪತ್ರೆಯ ವಾಸನೆ. ಶರಣಪ್ಪ ನನ್ನನ್ನು ಬಿಡಿಸಿಕೊಂಡು ಬಂದು, ದನಕ್ಕೆ ಬುದ್ಧಿ ಹೇಳುವವನ ಹಾಗೆ ನಿಧಾನವಾಗಿ ಹೇಳಿದ:

"ಕೊಡಾಂಗಿಲ್ಲ ಅಂದ್ರ 'ಮಾಫ್ ಕರೋ ಬಾಬಾ' ಅನ್ರಿ. ಹೋಗ್ತಾರ."

"ಕ್ಷಮಿಸು ಅಂತ ನಾನು ಅವನನ್ನು ಕೇಳಬೇಕಾ?"

"ಮತ್ತ? ಇದ್ದೂ ಕೊಡಾಂಗಿಲ್ಲ ಅಂತೀರಿ. ತಪ್ಪು ಯಾರದಾತರಿ?"

ಈ ಮಾತು ನನ್ನನ್ನು ಹಿಡಿದುಕೊಂಡಿತು. ನಮ್ಮಲ್ಲಿ "ಮುಂದೆ ಹೋಗಪ್ಪ" ಎನ್ನುತ್ತೇವೆ, ಅವನು ಬಂದದ್ದೇ ತಪ್ಪು ಎಂಬಂತೆ. ಇಲ್ಲಿ ಕೊಡದವನು ತಪ್ಪೊಪ್ಪಿಕೊಂಡು ಕ್ಷಮೆ ಬೇಡುತ್ತಾನೆ. ಕುತೂಹಲಕ್ಕೆ ನಾನೂ ಪ್ರಯತ್ನಿಸಿದೆ. ನನ್ನ ಮೈಸೂರು ಬಾಯಲ್ಲಿ ಅದು ಅಪ್ಪಣೆಯ ಹಾಗೆ ಹೊರಟಿರಬೇಕು. ಹಸಿರು ಅಂಗಿಯ ಫಕೀರನೊಬ್ಬ ನಿಂತು, ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮಾಫ್ ಕಿಯಾ" ಎಂದು ತಲೆಯ ಮೇಲೆ ನವಿಲುಗರಿ ಸವರಿ ಹೋದ. ಕ್ಷಮೆ ಕೇಳುವುದೇನೋ ಸುಲಭ, ಪುಕ್ಕಟೆ ಸಿಕ್ಕಿದ ಕ್ಷಮೆಯನ್ನು ಹೊತ್ತುಕೊಂಡು ತಿರುಗುವುದು ಕಷ್ಟ. ಒಂದು ವಾರ ದಿನಕ್ಕೆ ಇಪ್ಪತ್ತು ಸಲ ಕ್ಷಮಿಸಲ್ಪಟ್ಟು ನನಗೆ ನನ್ನ ಮೇಲೇ ಸಿಟ್ಟು ಬಂದಿತ್ತು. ಆ ಸಿಟ್ಟಿನಲ್ಲೇ ಭಾಲ್ಕಿಯ ರೈಲು ಹತ್ತಿದೆ.

ಭಾಲ್ಕಿ

ಭಾಲ್ಕಿಯಲ್ಲಿ ಕೋಟೆಯ ಗೋಡೆಗೆ ಹತ್ತಿಕೊಂಡ ಓಣಿಯೊಂದರಲ್ಲಿ ನನಗೆ ಕೋಣೆ ಸಿಕ್ಕಿತು. ಓಣಿಯ ನಡುವೆ ಒಂದು ಬೇವಿನ ಮರ, ಅದರ ಬುಡಕ್ಕೆ ಕಲ್ಲಿನ ಕಟ್ಟೆ. ಅಲ್ಲಿ ಪ್ರತಿ ಬೆಳಿಗ್ಗೆ ಒಬ್ಬ ಮುದುಕಿ ಬಂದು ಕೂರುತ್ತಿದ್ದಳು. ತೊಳೆದು ತೊಳೆದು ಬಣ್ಣ ಹೋದ ಸೀರೆ, ತಲೆಯ ಮೇಲೆ ಬಿಳಿಯ ದುಪಟ್ಟಾ, ತೊಡೆಯ ಮೇಲೊಂದು ಬಟ್ಟೆಯ ಜೋಳಿಗೆ. ಕೈಚಾಚುವುದಿಲ್ಲ, ಕೂಗುವುದಿಲ್ಲ. ಹೊತ್ತು ಸ್ವಲ್ಪ ಏರಿದ ಮೇಲೆ ಎದ್ದು ಯಾವುದಾದರೂ ಒಂದು ಮನೆಗೆ ಹೋಗುತ್ತಾಳೆ, ಸ್ವಲ್ಪ ಹೊತ್ತಿಗೆ ಹೊರಬಂದು ತನ್ನ ದಾರಿ ಹಿಡಿಯುತ್ತಾಳೆ.

ಓಣಿಯ ಹೆಂಗಸರು ನನಗೆ ತೋಳು ಕೊಡಲಿಲ್ಲ. "ನಾಳಿ ಬರ್ರಿ" ಎಂದರು, ಮಾರನೆಯ ದಿನವೂ ಅದೇ ಮಾತು. ಸರ್ಕಾರದಿಂದ ಬಂದವರೆಂದರೆ ಆಗ ಎಲ್ಲರಿಗೂ ಅಂಜಿಕೆ. ಪೊಲೀಸ್ ಕಾರ್ಯಾಚರಣೆಯ ಗದ್ದಲದ ದಿನಗಳಲ್ಲಿ ಒಬ್ಬರ ಮನೆಯ ಸಾಮಾನು ಇನ್ನೊಬ್ಬರ ಮನೆ ಸೇರಿತ್ತು, ಹೊಸ ಅಧಿಕಾರಿಗಳು ಅದಕ್ಕಾಗಿ ಮನೆ ಮನೆ ಹುಡುಕಿಸುತ್ತಿದ್ದರು. ನನ್ನ ಪೆಟ್ಟಿಗೆಯಲ್ಲಿ ಸೂಜಿಯ ಬದಲು ಏನೇನೋ ಇದೆ ಎಂದು ಅವರು ತಿಳಿದಿದ್ದರೆ ಆಶ್ಚರ್ಯವಿಲ್ಲ. ಮೂರು ದಿನ ಬಾಗಿಲು ಕಾದು, ಔರಾದದ ಕಡೆಯ ಹಳ್ಳಿಗಳನ್ನು ಮುಗಿಸಿಕೊಂಡು ಬರುತ್ತೇನೆ ಎಂದು ಗಾಡಿ ಕಟ್ಟಿಸಿದೆ.

ಹೊರಡುವ ಬೆಳಿಗ್ಗೆ ಮುದುಕಿ ಕಟ್ಟೆಯ ಮೇಲಿದ್ದಳು. ಬೀದರದಲ್ಲಿ ಗಳಿಸಿದ ಕ್ಷಮೆಗಳೆಲ್ಲ ಒಟ್ಟಿಗೆ ನೆನಪಾದವು. ಕೇಳಿದವರಿಗೆಲ್ಲ ಇಲ್ಲ ಎಂದವಳು ನಾನು, ಕೇಳದ ಇವಳಿಗಾದರೂ ಕೊಡೋಣ ಅನ್ನಿಸಿತು. ಹಾಲಿ ಚಿಲ್ಲರೆ ತೀರಿತ್ತು. ಚೀಲದಲ್ಲಿದ್ದದ್ದು ಸಂಬಳದ ಕಲ್ದಾರ ರೂಪಾಯಿ. ರಾಜನ ತಲೆಯ ಹೊಚ್ಚ ಹೊಸ ರೂಪಾಯಿಯೊಂದನ್ನು ತೆಗೆದು ಅವಳ ತೊಡೆಯ ಮೇಲಿಟ್ಟೆ. ಬಿಸಿಲಿಗೆ ಥಳಥಳ ಎಂದಿತು. ಬಾಗಿಲುಗಳಲ್ಲಿ ನಿಂತಿದ್ದ ಹೆಂಗಸರು ನೋಡಿದರು. ನೋಡಲಿ ಎಂದೇ ನನಗೂ ಇತ್ತು, ಸುಳ್ಳೇಕೆ ಹೇಳಲಿ.

"ಯೇ ಕಾಯ್ಕು, ಬೇಟಿ?" ಎಂದಳು ಮುದುಕಿ. ಇದು ಯಾಕೆ ಮಗಳೇ, ಎಂದು. ಉತ್ತರಕ್ಕೆ ನಿಲ್ಲದೆ ಗಾಡಿ ಹತ್ತಿದೆ. ದಾನ ಕೊಟ್ಟವರು ಓಡುವ ಹಾಗೆ ಕದ್ದವರೂ ಓಡುವುದಿಲ್ಲ. ಮಾಂಜ್ರಾ ನದಿ ದಾಟುವವರೆಗೂ ನನ್ನ ಮನಸ್ಸು ಹಗುರವಾಗಿತ್ತು, ಶರಣಪ್ಪನ ಬುತ್ತಿಯ ಜೋಳದ ರೊಟ್ಟಿ ಎರಡು ಹೆಚ್ಚೇ ಇಳಿಯಿತು.

ಔರಾದ

ಔರಾದದ ಕೆಲಸ ಮುಗಿಸಿ ಎಕಂಬಾ ಎಂಬ ಹಳ್ಳಿಗೆ ಬಂದಾಗ ಭಾಲ್ಕಿ ಬಿಟ್ಟು ಎಂಟು ದಿನವಾಗಿತ್ತು. ಅಲ್ಲಿ ಗಂಗವ್ವ ಎಂಬ ಕುರಿಗಾರರ ಮನೆಯಾಕೆ ತನ್ನ ಪಡಸಾಲೆಯನ್ನೇ ನನ್ನ ಆಸ್ಪತ್ರೆಗೆ ಬಿಟ್ಟುಕೊಟ್ಟಳು. ತಾನೇ ಮೊದಲು ತೋಳು ಚಾಚಿದಳು, ಹಿಂದೆಯೇ ಊರ ಹೆಂಗಸರೆಲ್ಲ ಬಂದರು. ಕುರಿಮರಿಗಳಿಗೆ ಔಷಧ ಕುಡಿಸಿ ಪಳಗಿದವಳು, ನನ್ನ ಸೂಜಿಯನ್ನು ಮೂಸಿ ನೋಡಿ, "ಇಷ್ಟೇ ಏನ್ರಿ?" ಎಂದಳು.

ಮಧ್ಯಾಹ್ನ ನಾವು ಊಟಕ್ಕೆ ಕೂತಾಗ ಬಾಗಿಲಲ್ಲಿ ಜಂಗಮಯ್ಯನೊಬ್ಬರು ಬಂದು ನಿಂತರು. ಅಭ್ಯಾಸಬಲದಿಂದ ನನ್ನ ಕೈ ಚೀಲಕ್ಕೆ ಹೋಯಿತು. ಗಂಗವ್ವ ನನ್ನ ಮಣಿಕಟ್ಟು ಹಿಡಿದಳು. ಒಳಗಿಂದ ಮೊರದಲ್ಲಿ ಜೋಳ ತಂದು ಅವರ ಜೋಳಿಗೆಗೆ ಸುರಿದು, ನಮಸ್ಕರಿಸಿ ಬಂದಳು.

"ಕಾಳು ಕೊಡ್ತೇವ್ರಿ, ರೊಟ್ಟಿ ಕೊಡ್ತೇವಿ. ರೊಕ್ಕ ಕೊಡಾಂಗಿಲ್ಲ."

"ಯಾಕಮ್ಮ? ದುಡ್ಡಾದರೆ ಅವರಿಗೆ ಬೇಕಾದ್ದು ತಗೋಬಹುದಲ್ಲ?"

"ರೊಕ್ಕ ಕೊಟ್ರ ಕೂಲಿ ಆಗ್ತದರಿ. ಏನ್ ಕೆಲಸ ಹಚ್ಚೀರಿ ಅಂತ ಮಂದಿ ಕೇಳ್ತಾರ."

ಇಂಥ ವಿಚಿತ್ರ ನಾನು ಎಲ್ಲೂ ಕೇಳಿರಲಿಲ್ಲ. ಹಾಗಾದರೆ ನಾನು ಮಾಡಿದ್ದನ್ನೂ ಕೇಳಿ ಎಂದು, ಭಾಲ್ಕಿಯ ಮುದುಕಿಯ ಕಥೆಯನ್ನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ಶರಣಪ್ಪ ರೊಟ್ಟಿ ಮುರಿಯುತ್ತಿದ್ದವನು ನಿಲ್ಲಿಸಿದ.

"ಹುಸೇನಬಿಗ ಕೊಟ್ಟೀರೇನ್ರಿ? ಕಲ್ದಾರ?"

"ಹೌದು. ಯಾಕೆ?"

"ಓಣ್ಯಾಗ? ಎಲ್ಲಾರ ಮುಂದ?"

ಅವನು ಗಾಡಿ ಸಿದ್ಧಮಾಡಲು ಹೋಗಿದ್ದ ಹೊತ್ತಿನಲ್ಲಿ ನಾನು ಈ ಕೆಲಸ ಮಾಡಿದ್ದೆ. ಕೈತೊಳೆದು ಬಂದು ಅವನು ಹೇಳಿದ್ದನ್ನು ನಾನು ಚಿಕ್ಕದು ಮಾಡಿ ಹೇಳುತ್ತೇನೆ. ಹುಸೇನಬಿ ಭಿಕ್ಷುಕಿಯೇ ಅಲ್ಲ. ನಲವತ್ತು ವರ್ಷ ಭಾಲ್ಕಿಯ ಹೆಂಗಸರಿಗೆ ಬಳೆ ತೊಡಿಸಿದವಳು. ಹಿಂದೂ ಮನೆ, ಮುಸಲ್ಮಾನರ ಮನೆ, ಎಲ್ಲರ ಒಳಕೋಣೆಗೂ ಅವಳಿಗೆ ದಾರಿಯಿತ್ತು. ಹೈದರಾಬಾದಿನಿಂದ ಬಳೆ ತರಲು ಹೋದ ಮಗ ಗದ್ದಲದ ದಿನಗಳಲ್ಲಿ ಮರಳಿ ಬರಲಿಲ್ಲ. ಬಳೆಯ ಪೆಟ್ಟಿಗೆ ಬರಿದಾಯಿತು. ಆಗ ಆ ಓಣಿಯ ಏಳು ಮನೆಗಳು, ಯಾರೂ ಯಾರಿಗೂ ಹೇಳದೆ, ವಾರಕ್ಕೊಂದು ದಿನ ಹಂಚಿಕೊಂಡವು. ಸೋಮವಾರ ಒಂದು ಮನೆಯ ರೊಟ್ಟಿ, ಮಂಗಳವಾರ ಇನ್ನೊಂದು.

ನನಗೆ ತಟ್ಟನೆ ಅರ್ಥವಾಯಿತು. ನಮ್ಮ ಕಡೆ ಬಡ ಹುಡುಗರು ಓದುವುದು ಹೀಗೆಯೇ, ವಾರಾನ್ನದಲ್ಲಿ. ನನ್ನ ಅಪ್ಪ ಮೈಸೂರಿನಲ್ಲಿ ಏಳು ಮನೆ ಉಂಡು ಪರೀಕ್ಷೆ ಪಾಸು ಮಾಡಿದವನು. ಅಪ್ಪನನ್ನು ಯಾರಾದರೂ ಭಿಕ್ಷುಕ ಎಂದಿದ್ದರೆ ನಾನು ಅವರ ಮುಖ ನೋಡುತ್ತಿರಲಿಲ್ಲ.

"ಹುಸೇನಬಿಗ ಗೊತ್ತಿಲ್ಲದ ಒಳಕೋಣಿ ಭಾಲ್ಕ್ಯಾಗ ಇಲ್ಲರಿ," ಎಂದ ಶರಣಪ್ಪ. "ಯಾರ ಮನ್ಯಾಗ ಏನದ, ಎಲ್ಲದ, ಎಲ್ಲಾ ಬಲ್ಲಳು. ಈಗ ಸಾಹೇಬ್ರು ಮನಿ ಹುಡಕಾಕ ಹತ್ಯಾರ. ಖಬರ್ ಕೊಟ್ಟವರಿಗ ಕಲ್ದಾರ ಸಿಗ್ತದ ಅಂತ ಸುದ್ದಿ ಅದ. ಸರ್ಕಾರಿ ಬಾಯಿ ಬಂದು ಆಕಿ ಕೈಯಾಗ ಕಲ್ದಾರ ಇಟ್ರ, ಮಂದಿ ಏನ್ ತಿಳೀಬೇಕ್ರಿ? ಆಕಿಗ ಇನ್ನ ಯಾರ್ ಬಾಗಲಾ ತೆಗೀತಾರ?"

ಗಂಗವ್ವ ಬಾಯಿಗೆ ಸೆರಗು ಹಿಡಿದಳು. ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಎಂಟು ದಿನ, ಎಂಟು ರೊಟ್ಟಿ. ಹೊಟ್ಟೆಗೆ ಕಲ್ಲು ಹಾಕುವುದು ಎಂಬ ಮಾತನ್ನು ಕೇಳಿದ್ದೆ. ಅದನ್ನು ಥಳಥಳ ಹೊಳೆಯುವ ರೂಪಾಯಿಯಿಂದಲೂ ಮಾಡಬಹುದು ಎಂದು ಗೊತ್ತಿರಲಿಲ್ಲ. ಉಳಿದ ತೋಳುಗಳನ್ನು ಸಂಜೆಯೊಳಗೆ ಮುಗಿಸಿ, ಬೆಳಗಾಗುತ್ತಲೇ ಗಾಡಿ ಹೂಡಿಸಿದೆ.

ಮತ್ತೆ ಭಾಲ್ಕಿ

ಭಾಲ್ಕಿ ಮುಟ್ಟಿದ ಮಾರನೆಯ ಬೆಳಿಗ್ಗೆ ಬೇವಿನ ಕಟ್ಟೆ ಖಾಲಿಯಿತ್ತು. ಶರಣಪ್ಪ ನನ್ನನ್ನು ಓಣಿಯ ಹಿಂದಿನ ಒಂದು ಕೋಣೆಯ ಮನೆಗೆ ಕರೆದೊಯ್ದು ತಾನು ಹೊರಗೇ ನಿಂತ. ಹುಸೇನಬಿ ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದಳು. ಗೂಟದಲ್ಲಿ ಜೋಳಿಗೆ ತೂಗುತ್ತಿತ್ತು, ಅದರೊಳಗೆ ಏನೂ ಇಲ್ಲ ಎಂಬುದು ನೋಡಿದರೇ ಗೊತ್ತಾಗುತ್ತಿತ್ತು. ನೀರು ಕುಡಿದು, ಪಕ್ಕದವರು ಯಾರೂ ಕಾಣದ ಹಾಗೆ ಇಟ್ಟುಹೋದ ಗಂಜಿ ಕುಡಿದು ಅಷ್ಟು ದಿನ ತಳ್ಳಿದ್ದಳಂತೆ. ರೂಪಾಯಿ ಸೆರಗಿನ ತುದಿಯಲ್ಲಿ ಗಂಟು ಹಾಕಿದ್ದು ಹಾಗೆಯೇ ಇತ್ತು. ಕಿರಾಣಿ ಅಂಗಡಿಯಲ್ಲಿ ತೋರಿಸಿದಾಗ, ಇದು ನಿನಗೆ ಎಲ್ಲಿಂದ ಬಂತು ಎಂದು ಕೇಳಿದರಂತೆ. ತಿರುಗಿ ಬಂದಿದ್ದಳು.

ನನಗೆ ಅಳು ಬಂದು ಅತ್ತುಬಿಟ್ಟೆ. ಅವಳು ಅಳಲಿಲ್ಲ. ನನ್ನನ್ನು ಕುತೂಹಲದಿಂದ ನೋಡುತ್ತಿದ್ದಳು, ಇದೆಂಥ ದೇಶದ ಹೆಣ್ಣು ಎಂಬಂತೆ.

"ಒಂದು ಚೀಲ ಜೋಳ ಹಾಕಿಸಿ ಹೋಗ್ತೀನಿ, ಅಮ್ಮ," ಎಂದೆ.

"ನಕ್ಕೋ ಬೇಟಿ, ಬ್ಯಾಡ. ನಿನ್ನ ಜ್ವಾಳ ಎಷ್ಟು ದಿನಾ? ನೀ ಹೋಗ್ತಿ. ಬಾಗಲಾ ಇಲ್ಲೇ ಇರ್ತಾವು."

"ಹಾಗಾದರೆ ನನ್ನ ಜೊತೆ ಕೆಲಸಕ್ಕೆ ಬನ್ನಿ. ತೋಳು ಹಿಡಿಯೋದು ನಿಮಗಿಂತ ಚೆನ್ನಾಗಿ ಯಾರಿಗೆ ಬರುತ್ತೆ? ಸಂಬಳ ಕೊಡಿಸ್ತೀನಿ."

ಅವಳು ನಕ್ಕಳು. "ಆವಾಗ ಅವರ ಮಾತು ಖರೇ ಆಗ್ತದ ನೋಡು. ನನಗ ರೊಟ್ಟಿ ಬ್ಯಾಡ. ನಲವತ್ತ ವರ್ಷ ಹೋಗಿ ಬಂದ ಬಾಗಲಾ ಬೇಕು."

ಸೆರಗಿನ ಗಂಟು ಬಿಚ್ಚಿದಳು. ನಾನು ಕೈ ಮುಂದೆ ಮಾಡಿದೆ. ಅವಳು ಕೊಡಲಿಲ್ಲ.

"ಇಲ್ಲಿ ಅಲ್ಲ. ಓಣ್ಯಾಗ ಕೊಟ್ಟಿ, ಓಣ್ಯಾಗ ತಗೋ."

ಕೊಟ್ಟದ್ದನ್ನು ವಾಪಸು ತೆಗೆದುಕೊಳ್ಳುವುದು ನಮ್ಮ ಮನೆಯಲ್ಲಿ ಪಾಪ. ಅಮ್ಮನ ಮುಖ ಕಣ್ಣ ಮುಂದೆ ಬಂತು. ಆದರೂ ಎದ್ದೆ.

ಅಂದು ಗುರುವಾರ. ಗುರುವಾರದ ಮನೆ ಕಾಶಿಬಾಯಿಯದು. ನನಗೆ ಮೂರು ಸಲ "ನಾಳಿ ಬರ್ರಿ" ಎಂದಿದ್ದ ಮನೆ. ಬಾಗಿಲು ತಟ್ಟಿದೆ. ನಡುವಯಸ್ಸಿನ ಕಾಶಿಬಾಯಿ ಅರ್ಧ ತೆರೆದು, ನನ್ನ ಹಿಂದೆ ಹುಸೇನಬಿಯನ್ನು ಕಂಡು ಅಲ್ಲೇ ನಿಂತಳು. ಅಕ್ಕಪಕ್ಕದ ಬಾಗಿಲುಗಳೂ ಒಂದೊಂದು ಗೇಣು ತೆರೆದುಕೊಂಡವು.

ಬೀದಿಯ ನಡುವೆ ನಾನು ಅಂಗೈ ಚಾಚಿದೆ. ಆ ವಯಸ್ಸಿನವರೆಗೆ ನಾನು ಯಾರ ಮುಂದೆಯೂ ಕೈ ಚಾಚಿರಲಿಲ್ಲ. ತೋಳು ಎಷ್ಟು ಭಾರ ಎಂದು ಆವತ್ತು ಗೊತ್ತಾಯಿತು. ಹುಸೇನಬಿ ಎಲ್ಲರಿಗೂ ಕಾಣುವ ಹಾಗೆ ರೂಪಾಯಿಯನ್ನು ಎತ್ತಿ ಹಿಡಿದು ನನ್ನ ಅಂಗೈಯಲ್ಲಿಟ್ಟಳು.

"ಭಿಕ್ಷೆ ಅಂತ ಕೊಟ್ಟಿದ್ದೆ," ಎಂದೆ ಕಾಶಿಬಾಯಿಗೆ. "ಇವರು ನನ್ನನ್ನು ಏನೂ ಕೇಳಿರಲಿಲ್ಲ. ಇವರು ಯಾರು ಅಂತಲೂ ನನಗೆ ಗೊತ್ತಿರಲಿಲ್ಲ. ತಪ್ಪಾಯಿತು."

"ಖಬರ್ ತಗೊಳ್ಳಾಕ ಕೊಟ್ಟಿದ್ದಲ್ಲೇನ್ರಿ?"

"ಇವರ ದನಿ ನಾನು ಸರಿಯಾಗಿ ಕೇಳಿದ್ದೇ ಇವತ್ತು. ಮಾಫ್ ಮಾಡಿ."

ಈ ಸಲ ಅದು ಅಪ್ಪಣೆಯ ಹಾಗೆ ಹೊರಡಲಿಲ್ಲ. ಕಾಶಿಬಾಯಿ ಒಳಗೆ ಹೋದಳು. ಬಾಗಿಲು ಮುಚ್ಚಿಕೊಂಡಿತು. ಹುಸೇನಬಿ ಜೋಳಿಗೆಯ ಬಾಯನ್ನು ಬೆರಳಿನಿಂದ ಹಿಡಿದುಕೊಂಡು ನಿಂತಿದ್ದಳು. ಆ ಎರಡು ನಿಮಿಷದಷ್ಟು ಉದ್ದದ ಹೊತ್ತನ್ನು ನಾನು ಆ ದೇಶದಲ್ಲಿ ಬೇರೆ ಕಳೆಯಲಿಲ್ಲ.

ಬಾಗಿಲು ತೆರೆಯಿತು. ಕಾಶಿಬಾಯಿಯ ಕೈಯಲ್ಲಿ ಬಿಸಿ ರೊಟ್ಟಿ, ಮೇಲೆ ಪುಂಡಿಪಲ್ಯ. "ಹತ್ತ ದಿನದಿಂದ ಯಾಕ ಬಂದಿಲ್ಲ?" ಎಂದು ಮುದುಕಿಯನ್ನೇ ಗದರಿದಳು. ಗದರುವಾಗ ಅವಳ ಕಣ್ಣು ತುಂಬಿತ್ತು. ರೊಟ್ಟಿಯನ್ನು ಎರಡು ಮಾಡಿ ಅರ್ಧ ಹುಸೇನಬಿಯ ಜೋಳಿಗೆಗೆ ಹಾಕಿದಳು. ಇನ್ನರ್ಧವನ್ನು ತಂದು, ಹಿಂತೆಗೆಯಲು ಮರೆತೇಹೋಗಿದ್ದ ನನ್ನ ಅಂಗೈಯಲ್ಲಿ, ರೂಪಾಯಿಯ ಮೇಲೆಯೇ ಇಟ್ಟಳು.

"ಬಾಗಲಕ್ಕ ಬಂದವರ್ನ ಬರಿಗೈಲೆ ಕಳಸಾಂಗಿಲ್ರಿ."

ಬೀದಿಯಲ್ಲಿ ನಿಂತು ತಿಂದೆ. ಅಷ್ಟು ರುಚಿಯಾದ ರೊಟ್ಟಿಯನ್ನು ಆಮೇಲೆ ತಿಂದಿಲ್ಲ. ಕಾಶಿಬಾಯಿ ಕುಪ್ಪಸದ ತೋಳು ಮೇಲೇರಿಸಿ ಹೊಸ್ತಿಲ ಮೇಲೆ ಕೂತಳು, ಹುಸೇನಬಿ ಅವಳ ಕೈಯನ್ನು ಬಳೆ ಇಡುವಾಗಿನಂತೆ ತನ್ನ ಮೊಣಕಾಲ ಮೇಲೆ ಇರಿಸಿಕೊಂಡು, "ಸಡಲ ಬಿಡು, ಸಡಲ ಬಿಡು" ಎಂದು ಮೆಲ್ಲಗೆ ನೀವಿದಳು. ನನ್ನ ಸೂಜಿ ಯಾವಾಗ ಹೋಗಿ ಬಂತೋ ಕಾಶಿಬಾಯಿಗೆ ಗೊತ್ತಾಗಲೇ ಇಲ್ಲ.

ಇನ್ನೂ ಆರು ಬಾಗಿಲುಗಳಿದ್ದವು. ಶುಕ್ರವಾರದ ಮನೆ ಓಣಿಯ ತಿರುವಿನ ಆಚೆ. ಅಲ್ಲಿಯವರು ಇದನ್ನು ನೋಡಿರಲಿಲ್ಲ. ತಿರುವಿನಲ್ಲಿ ಹುಸೇನಬಿ ನಿಂತು, ಹಿಂದೆ ಮುಂದೆ ಯಾರೂ ಇಲ್ಲ ಎಂದು ನೋಡಿ, ನನ್ನ ಮುಂದೆ ಕೈಚಾಚಿದಳು. ನಾನು ರೂಪಾಯಿಯನ್ನು ಅವಳಿಗೆ ಕೊಟ್ಟೆ, ಮುಂದಿನ ಬಾಗಿಲಲ್ಲಿ ಅವಳು ವಾಪಸು ಕೊಡಬೇಕಲ್ಲ. ಹೀಗೆ ಸಂಜೆಯವರೆಗೆ ಅದೇ ರೂಪಾಯಿಯನ್ನು ತಿರುವಿನಲ್ಲಿ ಕೊಡುತ್ತಾ, ಬಾಗಿಲಲ್ಲಿ ಬೇಡುತ್ತಾ ಓಣಿಯನ್ನು ಮುಗಿಸಿದೆವು. ಮೂರನೆಯ ಮನೆಯ ಹೊತ್ತಿಗೆ ಇಬ್ಬರಿಗೂ ನಗು ತಡೆಯುವುದು ಕಷ್ಟವಾಗಿತ್ತು.

ಆರರಲ್ಲಿ ಐದು ತೆರೆದವು. ಶನಿವಾರದ ಮನೆ ತೆರೆಯಲಿಲ್ಲ. ತಟ್ಟಿದೆ, ಕರೆದೆ, ಮುಚ್ಚಿದ ಬಾಗಿಲಿಗೇ ಎಲ್ಲ ವಿವರಿಸಿದೆ. ಒಳಗೆ ಯಾರೋ ಇದ್ದರು, ಬಳೆಯ ಸದ್ದು ಕೇಳುತ್ತಿತ್ತು. ಆ ಬಳೆಗಳನ್ನು ಹುಸೇನಬಿಯೇ ತೊಡಿಸಿದ್ದಿರಬೇಕು. ನಾನು ಮತ್ತೆ ತಟ್ಟಲು ಕೈಯೆತ್ತಿದಾಗ ಅವಳು ತಡೆದಳು.

"ಇರಲಿ ಬಿಡು ಬೇಟಿ," ಎಂದು ಜೋಳಿಗೆಯನ್ನು ಹೆಗಲಿಗೆ ಹಾಕಿಕೊಂಡಳು. "ಶನಿವಾರ ಉಪಾಸ, ರೋಜಾ ಇಡ್ತೇನಿ."